ಗುಜರಿಗೆ ಹಾಕಿದ್ದು ಮತ್ತೆ ಕಾರ್ಖಾನೆಗೆ: ಸರ್ಕಾರದ ಪ್ರೋತ್ಸಾಹದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದ್ದು, ಪತ್ರದಲ್ಲಿ ಬಂದದ್ದು, ಗುಜರಿ ಅಂಗಡಿ ಮುಂದೆ ನಿಂತು ವಾದ ಮಾಡುವಾಗ ಎದ್ದದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಬುಡದಿಂದ ಶುರು

ಕ್ಲೋಸ್ಡ್ ಲೂಪ್ ಅಂದ್ರೆ ಏನ್ರೀ? ಸುಮ್ನೆ ರೀಸೈಕ್ಲಿಂಗ್ ಅಂತ ಹೇಳಬಾರದಾ?

ಎರಡೂ ಒಂದೇ ಅಲ್ಲ. ಕಾರಿನ ಹಳೇ ಬ್ಯಾಟರಿಯನ್ನೇ ನೋಡಿ. ಅದರೊಳಗಿನ ಸೀಸವನ್ನು ಕರಗಿಸಿ ಮತ್ತೆ ಬ್ಯಾಟರಿಯನ್ನೇ ಮಾಡುತ್ತಾರೆ. ಹೋದ ವಸ್ತು ಹೋದ ದಾರಿಯಲ್ಲೇ ಮನೆಗೆ ಬಂತು. ಇದು ಮುಚ್ಚಿದ ಸುತ್ತು. ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನಿಂದ ಟೀ ಶರ್ಟಿನ ನೂಲು ತೆಗೆದರೆ ಅದೂ ರೀಸೈಕ್ಲಿಂಗೇ. ಆದರೆ ಆ ಶರ್ಟು ಮತ್ತೆ ಬಾಟಲಿ ಆಗುವುದಿಲ್ಲ. ಒಂದು ಸಲ ಬಳಸಿಕೊಂಡೆವು, ಅಲ್ಲಿಗೆ ಕಥೆ ಮುಗಿಯಿತು.

ಗೋಲಿ ಸೋಡಾ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಡಿದು ಬಾಟ್ಲಿ ಅಲ್ಲೇ ಕ್ರೇಟಿನಲ್ಲಿ ಇಡುತ್ತಿದ್ದೆವು. ಅದು ತೊಳೆಸಿಕೊಂಡು, ತುಂಬಿಸಿಕೊಂಡು ಮಾರನೇ ದಿನ ಮತ್ತೆ ಅದೇ ಅಂಗಡಿಗೆ ಬರುತ್ತಿತ್ತು.

ನಮ್ಮ ಗುಜರಿಯವರು ಇದನ್ನ ತಲೆತಲಾಂತರದಿಂದ ಮಾಡ್ತಾನೇ ಇದಾರೆ. ಇದಕ್ಕೆ ಸರ್ಕಾರ ಯಾಕೆ ದುಡ್ಡು ಕೊಡ್ಬೇಕು?

ತಾಮ್ರ, ಹಿತ್ತಾಳೆ, ಕಬ್ಬಿಣ, ಅಲ್ಯೂಮಿನಿಯಂಗೆ ಸರ್ಕಾರ ಒಂದು ಪೈಸೆ ಕೊಡಬೇಕಿಲ್ಲ. ಬೆಂಗಳೂರಿನ ಜಾಲಿ ಮೊಹಲ್ಲಾ, ಗೌರಿಪಾಳ್ಯ, ನಾಯಂಡಹಳ್ಳಿಯ ಕಡೆ ಒಂದು ಸುತ್ತು ಹಾಕಿ ಬನ್ನಿ. ಯಾವ ಯೋಜನೆಯೂ ಇಲ್ಲದೆ ಊರಿನ ಸಾಮಾನು ಬಿಡಿಬಿಡಿಯಾಗಿ ಜೋಡಿಸಿಕೊಂಡು ಕೂತಿರುತ್ತದೆ.

ತೊಂದರೆ ಇರುವುದು ಎರಡು ಕಡೆ. ಲಾಭ ಇಲ್ಲದ್ದನ್ನು ಯಾರೂ ಮುಟ್ಟುವುದಿಲ್ಲ. ಟ್ಯೂಬ್‌ಲೈಟು, ಹಳೇ ಟಿವಿಯ ಸೀಸ ಬೆರೆತ ಗಾಜು, ಬೆಂಕಿ ಹಿಡಿಯದಂತೆ ರಾಸಾಯನಿಕ ಬೆರೆಸಿದ ಪ್ಲಾಸ್ಟಿಕ್ಕು, ಇವೆಲ್ಲ ಮೋರಿಗೋ ಖಾಲಿ ಸೈಟಿಗೋ ಹೋಗುತ್ತವೆ. ಎರಡನೆಯದು, ಲಾಭ ಬರುವ ಕಡೆ ಅದರ ಖರ್ಚನ್ನು ಬೇರೆಯವರು ಕಟ್ಟುತ್ತಾರೆ. ಹಿತ್ತಿಲಿನಲ್ಲಿ ಬ್ಯಾಟರಿ ಒಡೆದು ಸೀಸ ಕರಗಿಸಿದರೆ ಆ ಬೀದಿಯ ಮಕ್ಕಳ ರಕ್ತಕ್ಕೆ ಸೀಸ ಸೇರುತ್ತದೆ. ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಮಿತಿ ಮೀರಿದೆ ಎಂದು ಯುನಿಸೆಫ್ 2020ರಲ್ಲಿ ಹೇಳಿತು. ಬ್ಯಾಟರಿಗಳನ್ನು ಹೀಗೆ ಎಲ್ಲೆಂದರಲ್ಲಿ ಒಡೆಯುವುದು ಅದಕ್ಕೆ ಒಂದು ದೊಡ್ಡ ಕಾರಣ. ಸೀಸದ ತೂಕಕ್ಕೆ ಬೆಲೆ ಇದೆ, ಆ ರಕ್ತಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಸರ್ಕಾರ ಕೈ ಹಾಕಬೇಕಾದ ಜಾಗ ಇದೇ.

ಪ್ರೋತ್ಸಾಹ ಅಂದ್ರೆ ಸಬ್ಸಿಡಿ ತಾನೆ?

ಸಬ್ಸಿಡಿ ಒಂದು ಬಗೆ, ಅಷ್ಟೇ. ತೆರಿಗೆ ಬಿಡಬಹುದು. ಡಿಪಾಸಿಟ್ ಇಟ್ಟುಕೊಂಡು ವಾಪಸ್ ಕೊಡಬಹುದು. "ಮಾರಿದ್ದರಲ್ಲಿ ಇಷ್ಟನ್ನು ನೀನೇ ವಾಪಸ್ ತರಿಸಬೇಕು, ಇಲ್ಲದಿದ್ದರೆ ದಂಡ" ಎಂದು ಕಂಪನಿಗೆ ಹೇಳಬಹುದು. ಹೊಸ ಸಾಮಾನಿನಲ್ಲಿ ಇಷ್ಟು ಪಾಲು ಹಳೇ ಮಾಲು ಇರಲೇಬೇಕು ಅಂತ ನಿಯಮ ಮಾಡಬಹುದು. ನಮ್ಮಲ್ಲಿ ಈ ಎಲ್ಲವೂ ಒಂದಲ್ಲ ಒಂದು ಕಡೆ ಇವೆ.

## ಮನೆಯವರು ಕೇಳಿದ್ದು

ಹಳೇ ಫೋನು, ಲ್ಯಾಪ್‌ಟಾಪ್ ಕೊಟ್ರೆ ನಮಗೇನು ಸಿಗತ್ತೆ?

ನೇರವಾಗಿ ಹೇಳುತ್ತೇನೆ: ಕಾನೂನಿನ ಪ್ರಕಾರ ಏನೂ ಇಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಕಂಪನಿಯ ಮೇಲೆ ಹೊಣೆ ಹೊರಿಸುತ್ತವೆ, ರೀಸೈಕಲ್ ಮಾಡಿದ ಮಾಲಿಗೆ ರೀಸೈಕ್ಲರ್‌ಗೆ ಸರ್ಟಿಫಿಕೇಟ್ ಕೊಡುತ್ತವೆ, ಅದನ್ನು ಅವರು ಕಂಪನಿಗಳಿಗೆ ಮಾರಬಹುದು. ನಿಮ್ಮ ಕೈಗೆ ಇಷ್ಟು ದುಡ್ಡು ಬರಲೇಬೇಕು ಎಂದು ಎಲ್ಲೂ ಹೇಳುವುದಿಲ್ಲ. ಎಕ್ಸ್‌ಚೇಂಜ್ ಆಫರ್‌ನಲ್ಲಿ ಸಿಗುವುದು ವ್ಯಾಪಾರದ ಲೆಕ್ಕ, ಸರ್ಕಾರದ್ದಲ್ಲ.

ಒಮ್ಮೆ ನಾನು ಸತ್ತುಹೋದ ಲ್ಯಾಪ್‌ಟಾಪ್ ಹಿಡಿದುಕೊಂಡು ಒಂದು ಸಂಗ್ರಹ ಕೇಂದ್ರಕ್ಕೆ ಹೋದೆ. ಎರಡು ಬಸ್ಸು ಬದಲಾಯಿಸಿದ್ದೆ. ಅಲ್ಲಿದ್ದ ಹುಡುಗ ಅದನ್ನು ತಗೊಂಡು ಒಂದು ಡಬ್ಬಿಗೆ ಹಾಕಿದ. ರಸೀದಿ ಕೇಳಿದರೆ "ಅದೆಲ್ಲ ಇಲ್ಲ ಸರ್" ಅಂದ. ಅದೇ ವಾರ ನಮ್ಮ ಬೀದಿಯ ಗುಜರಿಯವನು ಪಕ್ಕದ ಮನೆಯ ಸತ್ತ ಮಿಕ್ಸಿಗೆ ಮನೆ ಬಾಗಿಲಲ್ಲೇ ನೋಟು ಎಣಿಸಿ ಕೊಟ್ಟ. ಈಗ ನೀವೇ ಹೇಳಿ, ಮುಂದಿನ ಸಲ ನಾನು ಯಾರಿಗೆ ಕೊಡಬೇಕು? ಎಷ್ಟೋ ಮನೆಗಳಲ್ಲಿ ಫೋನುಗಳು ಡ್ರಾಯರಿನಲ್ಲೇ ಕೂತಿರುವುದು ಪರಿಸರದ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ಕೊಡುವ ಕೈಗೆ ಏನೂ ಬರುವುದಿಲ್ಲ, ಅದಕ್ಕೆ.

ಹಳೇ ಕಾರು ಸ್ಕ್ರ್ಯಾಪ್ ಮಾಡಿಸಿದ್ರೆ ಟ್ಯಾಕ್ಸ್ ಕಮ್ಮಿ ಆಗತ್ತಂತೆ, ನಿಜಾನಾ?

ನಿಜ. ಇಲ್ಲಿ ಮಾತ್ರ ಮನೆಯವರ ಕೈಗೂ ಏನೋ ಬರುತ್ತದೆ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಗಾಡಿ ಕೊಟ್ಟರೆ ಗಾಡಿ ಒಪ್ಪಿಸಿದ್ದಕ್ಕೆ ಪುರಾವೆಯಾಗಿ ಒಂದು ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಹೊಸ ಗಾಡಿ ನೋಂದಣಿ ಮಾಡಿಸುವಾಗ ಅದನ್ನು ತೋರಿಸಿದರೆ ಮೋಟಾರು ವಾಹನ ತೆರಿಗೆಯಲ್ಲಿ ಸ್ವಂತ ಬಳಕೆಯ ಗಾಡಿಗೆ ಶೇ 25ರವರೆಗೆ, ಬಾಡಿಗೆ ಗಾಡಿಗೆ ಶೇ 15ರವರೆಗೆ ರಿಯಾಯಿತಿ ಕೊಡಬಹುದು ಎಂದು ಕೇಂದ್ರ ಸರ್ಕಾರ 2021ರಲ್ಲಿ ಹೇಳಿದೆ. "ವರೆಗೆ" ಅನ್ನುವ ಪದ ನೋಡಿಕೊಳ್ಳಿ. ತೆರಿಗೆ ರಾಜ್ಯದ್ದು, ಹಾಗಾಗಿ ನಿಮ್ಮ ಆರ್‌ಟಿಒದಲ್ಲಿ ಮೊದಲು ವಿಚಾರಿಸಿ, ಆಮೇಲೆ ಗಾಡಿ ಕೊಡಿ.

ಇದರ ಹಿಂದೆ ಕಂಪನಿಗಳ ಮೇಲೂ ಒಂದು ಹೊರೆ ಇದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ವರ್ಷಗಳ ಹಿಂದೆ ತಾವು ಮಾರಿದ ಗಾಡಿಗಳಲ್ಲಿದ್ದ ಉಕ್ಕಿನಲ್ಲಿ ಶೇ 8ರಷ್ಟು ಗುಜರಿಯಿಂದ ವಾಪಸ್ ಬಂದಿದೆ ಎಂದು ಕಂಪನಿಗಳು ಈಗ ಲೆಕ್ಕ ಕೊಡಬೇಕು. 2030-31ರಿಂದ ಅದು ಶೇ 13, 2035-36ರಿಂದ ಶೇ 18.

ಊಟಿಗೆ ಹೋದಾಗ ಬಾಟ್ಲಿಗೆ 10 ರೂಪಾಯಿ ಜಾಸ್ತಿ ಇಸ್ಕೊಂಡ್ರು. ಇದು ಯಾವ ಸೀಮೆ ನ್ಯಾಯ?

ಖಾಲಿ ಬಾಟ್ಲಿ ವಾಪಸ್ ಕೊಟ್ಟಿದ್ದರೆ ಆ 10 ರೂಪಾಯಿ ವಾಪಸ್ ಬರುತ್ತಿತ್ತು! ಕಾಡಿನಲ್ಲಿ ಒಡೆದ ಗಾಜು ಆನೆಗಳ ಕಾಲಿಗೆ ಚುಚ್ಚುತ್ತಿದ್ದ ಕಾರಣ ಮದ್ರಾಸ್ ಹೈಕೋರ್ಟ್ ಒತ್ತಾಯ ಮಾಡಿತು. 2022ರ ಮೇ ತಿಂಗಳಲ್ಲಿ ನೀಲಗಿರಿಯ ಸರ್ಕಾರಿ ಮದ್ಯದ ಅಂಗಡಿಗಳಲ್ಲಿ ಇದು ಶುರುವಾಯಿತು. ಕೇದಾರನಾಥದ ದಾರಿಯಲ್ಲಿ ನೀರಿನ ಬಾಟಲಿಗೂ ಅದೇ ವರ್ಷದಿಂದ ಇಂಥದ್ದೇ 10 ರೂಪಾಯಿ ಠೇವಣಿ ಇದೆ, ಕ್ಯೂಆರ್ ಚೀಟಿ ಅಂಟಿಸಿ.

ನನ್ನ ಕೇಳಿದರೆ ಎಲ್ಲಕ್ಕಿಂತ ಸರಳವಾದ ಪ್ರೋತ್ಸಾಹ ಇದೇ. ಸರ್ಕಾರದ ಬೊಕ್ಕಸದಿಂದ ದುಡ್ಡು ಹೋಗುವುದಿಲ್ಲ. ನೀವು ಬಿಸಾಕಿದರೂ ಬೇರೆ ಯಾರೋ ಆರಿಸಿಕೊಂಡು 10 ರೂಪಾಯಿ ಸಂಪಾದಿಸುತ್ತಾರೆ. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸಿ ಬಿಡುವ ಬಾಟಲಿಗೆ 25 ಸೆಂಟ್ ಠೇವಣಿ ಇದೆ, ಹೆಚ್ಚೂಕಡಿಮೆ ಎಲ್ಲವೂ ವಾಪಸ್ ಬರುತ್ತವೆ.

## ಅಂಗಡಿ, ಕಾರ್ಖಾನೆಯವರು ಕೇಳಿದ್ದು

ನಂದು ಚಿಕ್ಕ ಗುಜರಿ ಅಂಗಡಿ. ಕೇಂದ್ರ ಸರ್ಕಾರ 1,500 ಕೋಟಿ ಕೊಡುತ್ತಂತೆ. ಅದರಲ್ಲಿ ನಂಗೇನಾದ್ರೂ ಇದೆಯಾ?

ನಿಮಗೆ ನೇರವಾಗಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಆ ಯೋಜನೆ ಹಳೇ ಎಲೆಕ್ಟ್ರಾನಿಕ್ ಸಾಮಾನು, ಲಿಥಿಯಂ ಬ್ಯಾಟರಿ ಮುಂತಾದವುಗಳಿಂದ ಲಿಥಿಯಂ, ಕೋಬಾಲ್ಟ್‌ನಂಥ ನಿರ್ಣಾಯಕ ಖನಿಜ ತೆಗೆಯುವವರಿಗೆ. ಯಂತ್ರೋಪಕರಣದ ಖರ್ಚಿನಲ್ಲಿ ಶೇ 20 ಸಬ್ಸಿಡಿ. ಮಾರಾಟ ಹೆಚ್ಚಾದರೆ ಅದರ ಮೇಲೆ ಇನ್ನಷ್ಟು. ದೊಡ್ಡ ಕಂಪನಿಗೆ ಒಟ್ಟು 50 ಕೋಟಿ, ಸಣ್ಣದಕ್ಕೆ 25 ಕೋಟಿ ಮಿತಿ. ಮೂರನೇ ಒಂದು ಪಾಲನ್ನು ಸಣ್ಣವರಿಗೆ, ಹೊಸಬರಿಗೆ ಎತ್ತಿಟ್ಟಿದ್ದಾರೆ. ಆದರೆ ಇಲ್ಲಿ "ಸಣ್ಣವರು" ಅಂದರೆ ಸಣ್ಣ ಕಾರ್ಖಾನೆ, ತಳ್ಳುಗಾಡಿ ಅಲ್ಲ. ಬ್ಯಾಟರಿಯನ್ನು ಪುಡಿ ಮಾಡಿ ಕರಿ ಪುಡಿ ಮಾರುವವರಿಗೂ ಇಲ್ಲ, ಆ ಪುಡಿಯಿಂದ ಲೋಹ ತೆಗೆಯುವವರಿಗೆ ಮಾತ್ರ.

ಯೋಜನೆ ತಪ್ಪು ಅಂತ ನಾನು ಹೇಳುವುದಿಲ್ಲ. ದೇಶದಲ್ಲಿ ಆ ಕೆಲಸ ಮಾಡುವವರು ಬೇಕಿತ್ತು. ಪಿ. ಪಾರ್ಥಸಾರಥಿ ಅವರು 2005ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಶುರು ಮಾಡಿದಾಗ ಅದು ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ. ಆ ಕಾಲದಲ್ಲಿ ಚಿನ್ನ, ಬೆಳ್ಳಿ ಇರುವ ಸರ್ಕ್ಯೂಟ್ ಬೋರ್ಡುಗಳನ್ನು ಕರಗಿಸಲು ಬೆಲ್ಜಿಯಂಗೆ ಕಳಿಸಬೇಕಾಗುತ್ತಿತ್ತು. ನಮ್ಮ ಗುಜರಿ ಹಡಗು ಹತ್ತಿ ಹೋಗಿ ಬರುವಂಥ ಸ್ಥಿತಿ ತಪ್ಪಿದರೆ ಒಳ್ಳೇದೇ. ಆದರೆ ಎಷ್ಟು ದೊಡ್ಡ ಕುಲುಮೆ ಕಟ್ಟಿದರೂ ಅದಕ್ಕೆ ಮಾಲು ತಂದು ಹಾಕುವುದು ನಿಮ್ಮಂಥವರು. ಆ ಕೊನೆಗೆ ಯೋಜನೆಯ ದುಡ್ಡು ಇನ್ನೂ ತಲುಪಿಲ್ಲ.

ಈಗ ನೀವು ಮಾಡಬಹುದಾದ್ದು ಇಷ್ಟು. ಮಾಲನ್ನು ಒಡೆಯದೆ, ಸುಡದೆ, ಇಡಿಯಾಗಿ ನೋಂದಾಯಿತ ರೀಸೈಕ್ಲರ್‌ಗೆ ಕೊಡಿ. ಸರ್ಟಿಫಿಕೇಟಿನ ದುಡ್ಡು ಅವರಿಗೆ ಬರುವುದರಿಂದ ರೇಟಿನಲ್ಲಿ ಒಂದು ಪಾಲು ಕೇಳುವ ಹಕ್ಕು ನಿಮಗಿದೆ. ಒಬ್ಬರೇ ಕೇಳಿದರೆ ಕೊಡುವುದಿಲ್ಲ, ನಾಲ್ಕು ಅಂಗಡಿ ಸೇರಿ ಲೋಡು ಮಾಡಿದರೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಹಸಿರು ದಳ ಎಂಬ ಸಂಸ್ಥೆ ಚಿಂದಿ ಆಯುವವರನ್ನು ಒಗ್ಗೂಡಿಸಿ, ಗುರುತಿನ ಚೀಟಿ ಕೊಡಿಸಿ, ಒಣ ಕಸ ಸಂಗ್ರಹ ಕೇಂದ್ರಗಳನ್ನು ಅವರ ಕೈಗೆ ಬರುವಂತೆ ಮಾಡಿದ್ದು ಇದೇ ದಾರಿಯಲ್ಲಿ. ಇ-ತ್ಯಾಜ್ಯ ನಿಯಮಗಳಲ್ಲಿ ಇನ್ನೊಂದು ಮಾತೂ ಇದೆ, ಯಾರೂ ಓದುವುದಿಲ್ಲ. ಬಿಡಿಸುವ ಕೆಲಸಕ್ಕೆ ಕೈಗಾರಿಕಾ ಪ್ರದೇಶದಲ್ಲಿ ಜಾಗ ಅಥವಾ ಶೆಡ್ ಮೀಸಲಿಡುವುದು, ಕೆಲಸಗಾರರನ್ನು ಗುರುತಿಸಿ ತರಬೇತಿ ಕೊಡುವುದು ರಾಜ್ಯ ಸರ್ಕಾರದ ಹೊಣೆ. ಸಂಘದ ಹೆಸರಲ್ಲಿ ಅರ್ಜಿ ಹಾಕಿ.

ಜಿಎಸ್‌ಟಿ ನಂಬರ್ ಇಲ್ಲದವರ ಹತ್ರ ಮಾಲು ತಗೊಂಡ್ರೆ ನಾನ್ಯಾಕೆ ಟ್ಯಾಕ್ಸ್ ಕಟ್ಬೇಕು?

2024ರ ಅಕ್ಟೋಬರ್ 10ರಿಂದ ಲೋಹದ ಗುಜರಿಗೆ ಹಾಗೆ ನಿಯಮ ಆಗಿದೆ. ಮಾರುವವರಿಗೆ ನೋಂದಣಿ ಇಲ್ಲದಿದ್ದರೆ ಕೊಳ್ಳುವ ನೋಂದಾಯಿತ ವ್ಯಾಪಾರಿಯೇ ತೆರಿಗೆ ಕಟ್ಟಬೇಕು. ನಕಲಿ ಬಿಲ್ಲಿನ ಹಾವಳಿ ತಡೆಯುವುದು ಉದ್ದೇಶ. ಕಟ್ಟಿದ್ದನ್ನು ಮುಂದೆ ಮಾಲು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಇನ್‌ಪುಟ್ ಕ್ರೆಡಿಟ್ ಅಂತ ಮುರಿದುಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಕೈಯಲ್ಲಿರುವ ಬಂಡವಾಳ ಸಿಕ್ಕಿಕೊಳ್ಳುತ್ತದೆ. ಒಂದು ಕೈಯಲ್ಲಿ ಪ್ರೋತ್ಸಾಹ, ಇನ್ನೊಂದು ಕೈಯಲ್ಲಿ ತೆರಿಗೆ. ಹೊಸ ತಾಮ್ರಕ್ಕೂ ಹಳೇ ತಾಮ್ರಕ್ಕೂ ಒಂದೇ ತೆರಿಗೆ ಇರುವವರೆಗೆ ಬಿಲ್ಲಿಲ್ಲದ ವ್ಯಾಪಾರ ನಿಲ್ಲುವುದು ಕಷ್ಟ.

ಇಪಿಆರ್ ಇಪಿಆರ್ ಅಂತಾರಲ್ಲ, ಅದು ಹೇಗೆ ಕೆಲಸ ಮಾಡತ್ತೆ? ನಮ್ಮ ಕಂಪನಿ ಹಳೇ ಫ್ರಿಜ್ ಹುಡುಕ್ಕೊಂಡು ಹೋಗ್ಬೇಕಾ?

ಹೋಗಬೇಕಿಲ್ಲ. ಇಪಿಆರ್ ಅಂದರೆ ಮಾರಿದ ಮೇಲೂ ಮುಂದುವರಿಯುವ ಉತ್ಪಾದಕರ ಹೊಣೆ. ಫ್ರಿಜ್ಜಿನ ಆಯಸ್ಸು 10 ವರ್ಷ ಎಂದು ನಿಯಮ ಲೆಕ್ಕ ಹಾಕುತ್ತದೆ. 10 ವರ್ಷದ ಹಿಂದೆ ನೀವು ಎಷ್ಟು ಟನ್ ಫ್ರಿಜ್ ಮಾರಿದ್ದಿರೋ ಅದರಲ್ಲಿ ಒಂದು ಪಾಲು ಈ ವರ್ಷ ರೀಸೈಕಲ್ ಆಗಿರಬೇಕು. 2023-24 ಮತ್ತು 2024-25ಕ್ಕೆ ಆ ಪಾಲು ಶೇ 60. ಮುಂದಿನ ಎರಡು ವರ್ಷಕ್ಕೆ ಶೇ 70, 2027-28ರಿಂದ ಶೇ 80.

ನಿಮ್ಮದೇ ಫ್ರಿಜ್ ಆಗಬೇಕಿಲ್ಲ. ನೋಂದಾಯಿತ ರೀಸೈಕ್ಲರ್ ಯಾವುದೋ ಹಳೇ ಫ್ರಿಜ್ ಬಿಡಿಸಿ ಲೋಹ ತೆಗೆದಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಅವರಿಗೆ ಸರ್ಟಿಫಿಕೇಟ್ ಹುಟ್ಟುತ್ತದೆ. ಅದನ್ನು ನೀವು ಕೊಂಡು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೀರಿ. ಕೊಳ್ಳದಿದ್ದರೆ ಪರಿಸರ ಪರಿಹಾರ ಎಂಬ ದಂಡ. ಹಿಂದೆ 21 ಬಗೆಯ ಸಾಮಾನುಗಳಿಗಿದ್ದ ಈ ನಿಯಮ ಈಗ 106 ಬಗೆಗಳಿಗೆ ಅನ್ವಯ.

22 ರೂಪಾಯಿಗೆ ಇಷ್ಟೊಂದು ಗಲಾಟೆ ಯಾಕೆ? ಕೋರ್ಟಿಗೆ ಬೇರೆ ಹೋದ್ರಂತೆ.

ಸರ್ಟಿಫಿಕೇಟ್‌ಗಳ ಬೆಲೆ ನೆಲ ಕಚ್ಚಿತ್ತು. ಸರಿಯಾಗಿ ಕೆಲಸ ಮಾಡುವ ರೀಸೈಕ್ಲರ್‌ಗೆ ಗಿಟ್ಟುತ್ತಿರಲಿಲ್ಲ, ಕಾಗದದ ಮೇಲಷ್ಟೇ ಕೆಲಸ ಮಾಡುವವರಿಗೆ ಗಿಟ್ಟುತ್ತಿತ್ತು. ಹಾಗಾಗಿ 2024ರಲ್ಲಿ ಸರ್ಕಾರ ಕನಿಷ್ಠ ಬೆಲೆ ಗೊತ್ತು ಮಾಡಿತು. ಎಲೆಕ್ಟ್ರಾನಿಕ್ ಗೃಹೋಪಯೋಗಿ ಸಾಮಾನಿಗೆ ಕಿಲೋಗೆ 22 ರೂಪಾಯಿ, ಸ್ಮಾರ್ಟ್‌ಫೋನಿಗೆ 34. ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಬೆಲೆ ಕಟ್ಟುವುದು ಸರ್ಕಾರದ ಕೆಲಸವಲ್ಲ, ಇದು ನಾವು ಈವರೆಗೆ ಕೊಡುತ್ತಿದ್ದುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಎಂಬುದು ಅವರ ವಾದ.

ತೂಕ ಹಾಕಿ ನೋಡಿ, ಗಲಾಟೆ ಮಾಡುವವರಲ್ಲಿ ಎಸಿ, ಟಿವಿ ಕಂಪನಿಗಳು ಯಾಕೆ ಮುಂದಿವೆ ಅಂತ ತಿಳಿಯುತ್ತದೆ. 200 ಗ್ರಾಂ ಫೋನಿಗೆ 34ರ ಲೆಕ್ಕದಲ್ಲಿ 7 ರೂಪಾಯಿಯೂ ಆಗುವುದಿಲ್ಲ. 40 ಕಿಲೋ ಎಸಿಗೆ 22ರ ಲೆಕ್ಕದಲ್ಲಿ 880 ರೂಪಾಯಿ. ನನ್ನ ಒಲವು ಕನಿಷ್ಠ ಬೆಲೆಯ ಕಡೆಗೇ. ಹಾಲಿಗೆ, ಕಬ್ಬಿಗೆ ಬೆಲೆ ಗೊತ್ತು ಮಾಡಿದ ದೇಶದಲ್ಲಿ ಇದೇನು ಹೊಸದಲ್ಲ. ಆದರೆ ಆ 22 ರೂಪಾಯಿ ರೀಸೈಕ್ಲರ್ ಹತ್ತಿರ ನಿಂತುಬಿಟ್ಟರೆ ಬೀದಿಯಲ್ಲಿ ಏನೂ ಬದಲಾಗುವುದಿಲ್ಲ.

ಸರ್ಟಿಫಿಕೇಟ್ ಅಂದ್ರೆ ಬರೀ ಕಾಗದದ ಆಟ ಅಲ್ವಾ?

ಕೆಲವು ಕಡೆ ಹೌದು. ಪ್ಲಾಸ್ಟಿಕ್ ಇಪಿಆರ್‌ನಲ್ಲಿ ಸುಮಾರು 6 ಲಕ್ಷ ನಕಲಿ ಸರ್ಟಿಫಿಕೇಟ್ ಹುಟ್ಟಿದ್ದನ್ನು ಕೇಂದ್ರ ಮಂಡಳಿಯೇ 2023ರಲ್ಲಿ ಪತ್ತೆ ಹಚ್ಚಿತು. ಒಂದು ಘಟಕಕ್ಕೆ ಇರುವ ಯಂತ್ರದ ಶಕ್ತಿಗಿಂತ ಜಾಸ್ತಿ ಮಾಲು ಲೆಕ್ಕದಲ್ಲಿ ಇದ್ದರೆ ಅಲ್ಲೇ ಸಿಕ್ಕಿಬೀಳಬೇಕು. ಕರೆಂಟ್ ಬಿಲ್ಲು, ಲಾರಿ ಚೀಟಿ, ಜಿಎಸ್‌ಟಿ ಬಿಲ್ಲು ಮೂರನ್ನೂ ಎದುರುಬದುರು ಇಟ್ಟರೆ ಸುಳ್ಳು ಹೇಳುವುದು ಕಷ್ಟ.

ಇನ್ನೊಂದು ಸೂಕ್ಷ್ಮ ಇದೆ. ಇ-ತ್ಯಾಜ್ಯದಲ್ಲಿ ಶುರುವಿಗೆ ಸರ್ಟಿಫಿಕೇಟ್ ಲೆಕ್ಕಕ್ಕೆ ತಗೊಂಡದ್ದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಹಾರ್ಡ್ ಡಿಸ್ಕಿನ ಅಯಸ್ಕಾಂತದಲ್ಲಿರುವ ನಿಯೋಡಿಮಿಯಂ ಎಂಬ ಲೋಹ ತೆಗೆದರೆ ಅದಕ್ಕೆ ಸರ್ಟಿಫಿಕೇಟ್ ಇರಲಿಲ್ಲ. ಅಳೆಯದ್ದನ್ನು ಯಾರು ತೆಗೆಯುತ್ತಾರೆ?

## ಇನ್ನೂ ಆಳಕ್ಕೆ ಇಳಿದವರಿಗೆ

ಚೀನಾದವರು ಇದನ್ನೆಲ್ಲ ನಮಗಿಂತ ಮೊದಲೇ ಮಾಡಿದ್ರಲ್ವಾ? ಏನಾಯ್ತು?

ಮಾಡಿದರು, ಪೆಟ್ಟೂ ತಿಂದರು. 2012ರ ಜುಲೈಯಿಂದ ಅಲ್ಲಿ ಒಂದು ನಿಧಿ ಶುರುವಾಯಿತು. ಹೊಸ ಟಿವಿ ಒಂದಕ್ಕೆ ಕಂಪನಿಯಿಂದ 13 ಯುವಾನ್ ತಗೊಂಡು, ಹಳೇ ಟಿವಿ ಬಿಡಿಸುವ ಅಧಿಕೃತ ಘಟಕಕ್ಕೆ 85 ಯುವಾನ್ ಕೊಡುವುದು. ಫ್ರಿಜ್ಜಿಗೆ 12 ಒಳಗೆ, 80 ಹೊರಗೆ.

ಭಾಗಾಕಾರ ಮಾಡಿ. ಒಂದು ಹಳೇ ಟಿವಿ ಬಂದರೆ ಆರೂವರೆ ಹೊಸ ಟಿವಿಯ ದುಡ್ಡು ಖಾಲಿ. ಹಳೇದು ಸ್ವಲ್ಪವೇ ವಾಪಸ್ ಬರುವವರೆಗೆ ನಿಧಿ ನಿಲ್ಲುತ್ತದೆ. ಯೋಜನೆ ಗೆದ್ದು ಎಲ್ಲರೂ ಹಳೇದನ್ನು ತಂದುಕೊಟ್ಟರೆ ನಿಧಿ ಮುಳುಗುತ್ತದೆ. ಆಗಿದ್ದೂ ಅದೇ. ನಿಧಿ ಕೊರತೆಗೆ ಬಿತ್ತು, ಘಟಕಗಳಿಗೆ ಬರಬೇಕಾದ ದುಡ್ಡು ವರ್ಷಗಟ್ಟಲೆ ತಡವಾಯಿತು. 2024ರ ಜನವರಿಯಿಂದ ಕಂಪನಿಗಳಿಂದ ವಸೂಲಿ ಮಾಡುವುದನ್ನೇ ನಿಲ್ಲಿಸಿದರು. ಹಾಗಂತ ಎಲ್ಲ ವ್ಯರ್ಥ ಅಲ್ಲ. ಹಿತ್ತಿಲಿನಲ್ಲಿ ಸುಡುತ್ತಿದ್ದ ಮಾಲು ದೊಡ್ಡ ಘಟಕಗಳಿಗೆ ಬರುವಂತಾದದ್ದು ಆ 85 ಯುವಾನ್‌ನಿಂದಲೇ. ಆ ದುಡ್ಡಿನ ಬಲದಿಂದ ಘಟಕಗಳು ಬೀದಿಯ ವ್ಯಾಪಾರಿಗೆ ಒಳ್ಳೇ ರೇಟು ಕೊಡಬಲ್ಲವಾಗಿದ್ದವು.

ಎಂಬಿಎ ಪ್ರಾಜೆಕ್ಟ್ ಮಾಡ್ತಿದೀನಿ. ಸಬ್ಸಿಡಿಯನ್ನ ಕಂಪನಿಗೆ ಕೊಡ್ಬೇಕಾ, ಅಂಗಡಿಗೆ ಕೊಡ್ಬೇಕಾ, ರೀಸೈಕ್ಲರ್‌ಗೆ ಕೊಡ್ಬೇಕಾ?

2004ರಲ್ಲಿ ಸವಾಸ್ಕನ್, ಭಟ್ಟಾಚಾರ್ಯ, ವ್ಯಾನ್ ವಾಸೆನ್‌ಹೋವ್ ಎಂಬ ಮೂವರು ಇದಕ್ಕೆ ಹತ್ತಿರದ ಪ್ರಶ್ನೆಯನ್ನು ಗಣಿತದಲ್ಲಿ ಬಿಡಿಸಿದರು. ಹಳೇ ಸಾಮಾನನ್ನು ಕಂಪನಿಯೇ ಸಂಗ್ರಹಿಸಬೇಕೋ, ಅಂಗಡಿಯವನೋ, ಮೂರನೆಯವನೋ? ಅವರ ಉತ್ತರ: ಗಿರಾಕಿಗೆ ಹತ್ತಿರ ಇರುವ ಅಂಗಡಿಯವನು. ನಿಮ್ಮ ಪ್ರಾಜೆಕ್ಟು ಅಲ್ಲಿಂದ ಶುರುವಾಗಲಿ.

ನಮ್ಮಲ್ಲಿ ಇದಕ್ಕೆ ಸಾಕ್ಷಿ ಕಣ್ಣೆದುರೇ ಇದೆ. ಸ್ಕೂಟರ್ ಬ್ಯಾಟರಿ ಕೊಳ್ಳಲು ಹೋದರೆ ಅಂಗಡಿಯವನು ಮೊದಲು ಕೇಳುವುದು "ಹಳೇದು ತಂದಿದೀರಾ?" ಅಂತ. ತಂದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು. ಹಳೇದನ್ನು ವಾಪಸ್ ತಗೊಳ್ಳುವ ಹೊಣೆಯನ್ನು 2001ರ ನಿಯಮಗಳೇ ಡೀಲರ್ ಮೇಲೆ ಹಾಕಿದ್ದವು. ಸೀಸಕ್ಕೆ ಬೆಲೆಯೂ ಇತ್ತು. ಎರಡೂ ಸೇರಿದ್ದರಿಂದ ಕಸದ ತೊಟ್ಟಿಯಲ್ಲಿ ಕಾರಿನ ಬ್ಯಾಟರಿ ಬಿದ್ದದ್ದನ್ನು ನೀವು ನೋಡಿರುವುದಿಲ್ಲ. ಡೀಲರ್ ಅಂಗಡಿಯಿಂದ ಅದು ಯಾವ ಕುಲುಮೆಗೆ ಹೋಗುತ್ತದೆ ಅನ್ನುವುದು ಬೇರೆ ಪ್ರಶ್ನೆ, ಅಲ್ಲಿ ಸೋರಿಕೆ ಬಹಳ.

ಒಂದು ಎಚ್ಚರಿಕೆ. ಆ ಲೆಕ್ಕದಲ್ಲಿ ಗುಜರಿಯವನೇ ಇಲ್ಲ. ಮಾದರಿಗೆ ನಾಲ್ಕನೇ ಪಾತ್ರವಾಗಿ ಅವನನ್ನು ಸೇರಿಸಿ ನೋಡಿ. ತೆರಿಗೆ ಕಟ್ಟುವುದಿಲ್ಲ, ಮನೆ ಬಾಗಿಲಿಗೆ ಬರುತ್ತಾನೆ, ನಗದು ಕೊಡುತ್ತಾನೆ. ಅವನಿಗಿಂತ ಕಡಿಮೆ ಕೊಡುವ ಯಾವ ವ್ಯವಸ್ಥೆಗೂ ನಮ್ಮ ಊರಿನಲ್ಲಿ ಮಾಲು ಬರುವುದಿಲ್ಲ.

ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಗಳೆಲ್ಲ ಒಟ್ಟಿಗೆ ಸತ್ತರೆ ಏನ್ ಗತಿ?

ಅದಕ್ಕೆ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಲ್ಲಿ ಎರಡು ಹಿಡಿತ ಇವೆ. ಇಂಥ ಬ್ಯಾಟರಿಯಿಂದ ತೆಗೆಯಬೇಕಾದ ವಸ್ತುವಿನ ಪಾಲು 2024-25ಕ್ಕೆ ಶೇ 70, ಆಮೇಲೆ 80, 2026-27ರಿಂದ ಶೇ 90. ಎರಡನೆಯದು, ಹೊಸ ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿಯಲ್ಲಿ 2027-28ಕ್ಕೆ ಶೇ 5 ಹಳೇ ಮಾಲು ಇರಬೇಕು, ವರ್ಷಕ್ಕೆ ಐದೈದು ಏರಿ 2030-31ಕ್ಕೆ ಶೇ 20. ಸುತ್ತು ನಿಜಕ್ಕೂ ಮುಚ್ಚುವುದು ಈ ಎರಡನೆಯದರಿಂದ. ತೆಗೆದ ಲೋಹವನ್ನು ಕೊಳ್ಳುವವರು ಇದ್ದೇ ಇರುತ್ತಾರೆ ಎಂಬ ಭರವಸೆ ಸಿಗುತ್ತದೆ. 2025ರ ಬಜೆಟ್‌ನಲ್ಲಿ ಲಿಥಿಯಂ ಬ್ಯಾಟರಿ ಗುಜರಿಯ ಆಮದು ಸುಂಕವನ್ನೂ ತೆಗೆದರು.

ತಲೆನೋವು ಬೇರೆ ಕಡೆ ಇದೆ. ಕೋಬಾಲ್ಟ್, ನಿಕ್ಕಲ್ ಇರುವ ಬ್ಯಾಟರಿಗೆ ಗುಜರಿಯಲ್ಲೂ ಮರ್ಯಾದೆ. ಈಗ ಗಾಡಿಗಳಿಗೆ ಹೆಚ್ಚಾಗಿ ಬರುತ್ತಿರುವುದು ಲಿಥಿಯಂ ಐರನ್ ಫಾಸ್ಫೇಟ್. ಸುರಕ್ಷಿತ, ಅಗ್ಗ, ಬಾಳಿಕೆ ಜಾಸ್ತಿ. ಆದರೆ ಅದರೊಳಗೆ ತೆಗೆಯುವಂಥ ದುಬಾರಿ ಲೋಹ ಕಡಿಮೆ. ಒಳ್ಳೆಯ ಬ್ಯಾಟರಿ ಕೆಟ್ಟ ಗುಜರಿ! ತೂಕದ ಮೇಲೆ ಒಂದೇ ರೇಟಿನ ಪ್ರೋತ್ಸಾಹ ಕೊಟ್ಟರೆ ಎಲ್ಲರೂ ಕೋಬಾಲ್ಟ್ ಇರುವುದನ್ನೇ ಆರಿಸಿಕೊಳ್ಳುತ್ತಾರೆ, ಇದು ಮೂಲೆಯಲ್ಲಿ ರಾಶಿ ಬೀಳುತ್ತದೆ.

ರೀಸೈಕ್ಲಿಂಗ್‌ಗೆ ದುಡ್ಡು ಕೊಟ್ಟಷ್ಟೂ ಪರಿಸರಕ್ಕೆ ಒಳ್ಳೇದೇ ಅಲ್ವಾ?

ಯಾವಾಗಲೂ ಅಲ್ಲ. ರಿಪೇರಿ ಮಾಡಿ ಇನ್ನೂ ನಾಲ್ಕು ವರ್ಷ ಓಡಿಸಬಹುದಾದ ಲ್ಯಾಪ್‌ಟಾಪನ್ನು ಪುಡಿ ಮಾಡಿದರೆ ಹೆಚ್ಚು ದುಡ್ಡು ಸಿಗುತ್ತದೆ ಅಂದರೆ ಪ್ರೋತ್ಸಾಹ ತಿರುಗುಮುರುಗಾಯಿತು. ನಮ್ಮ ನಿಯಮ ಬರೆದವರಿಗೆ ಇದು ಹೊಳೆದಿದೆ. ನೋಂದಾಯಿತ ರಿಪೇರಿ ಘಟಕ ಸಾಮಾನನ್ನು ಮತ್ತೆ ಬಳಕೆಗೆ ತಂದರೆ ಅದಕ್ಕೂ ಸರ್ಟಿಫಿಕೇಟ್ ಇದೆ. ಅದನ್ನು ಕೊಂಡ ಕಂಪನಿಯ ಹೊಣೆ ಮುಂದಕ್ಕೆ ಹೋಗುತ್ತದೆ, ಅವಧಿ ಮುಗಿದ ಮೇಲೆ ಅದರಲ್ಲಿ ಶೇ 75 ಮಾತ್ರ ಮತ್ತೆ ಲೆಕ್ಕಕ್ಕೆ ಬರುತ್ತದೆ. ಕಾಲು ಭಾಗ ಮಾಫಿ. ಒಳ್ಳೇ ಏರ್ಪಾಡು.

ಆದರೆ ಬೆಂಗಳೂರಿನ ಎಲೆಕ್ಟ್ರಾನಿಕ್ ಪೇಟೆಯಾದ ಎಸ್‌ಪಿ ರಸ್ತೆಯ ಮೆಟ್ಟಿಲ ಕೆಳಗೆ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತು ದಿನಕ್ಕೆ ಹತ್ತಾರು ಬೋರ್ಡಿಗೆ ಜೀವ ಕೊಡುವವರು ಯಾವ ಪೋರ್ಟಲ್‌ನಲ್ಲೂ ನೋಂದಾಯಿಸಿಕೊಂಡವರಲ್ಲ. ಅಂಥ ಒಬ್ಬರನ್ನು ಕೇಳಿದೆ, "ಸರ್ಟಿಫಿಕೇಟ್ ಬೇಡ್ವಾ ನಿಮಗೆ?" ಅಂತ. ಭೂತಗನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದರು: "ಸ್ಪೇರ್ ಪಾರ್ಟ್ ಕೊಡಿಸಿ ಸರ್, ಸಾಕು."